ನೆನಪಿಟ್ಟುಕೊಳ್ಳುವುದೂ ಒಂದು ಕೆಲಸವೇ

ಪ್ರಶ್ನೆ: ಅಕ್ಕಾ, ನನಗೆ 23, ಅವರಿಗೆ 26. ಮದುವೆಯಾಗಿ ಹದಿನಾಲ್ಕು ತಿಂಗಳಾಯಿತು. ನನ್ನದು ಡಿಗ್ರಿ ಕೊನೆಯ ವರ್ಷ. ಬೆಳಿಗ್ಗೆ 8ರಿಂದ 1ರವರೆಗೆ ಕಾಲೇಜು, 2ರಿಂದ 6ರವರೆಗೆ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಅವರು 9ಕ್ಕೆ ಹೊರಟರೆ ಮನೆಗೆ ಬರುವುದು ರಾತ್ರಿ 8ಕ್ಕೆ. ನಾನು 5ಕ್ಕೇ ಏಳುತ್ತೇನೆ. ಪಾತ್ರೆ ತೊಳೆದು ಪುಸ್ತಕ ಹಿಡಿಯುವಾಗ ರಾತ್ರಿ 10 ದಾಟಿರುತ್ತದೆ. ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತಾ ನಿದ್ದೆ ಹೋಗುತ್ತೇನೆ. ಮೊನ್ನೆ ಬಟ್ಟೆ ಒಣಗಿಸುವ ವಿಷಯಕ್ಕೆ ಜಗಳವಾಗಿ, "ನಿಂಗೆ ಅರ್ಧ ದಿನ ತಾನೇ ಕೆಲಸ" ಅಂದುಬಿಟ್ಟರು. ಅವರು ಕೆಟ್ಟವರಲ್ಲ. ಹೇಳಿದ ಕೆಲಸವೆಲ್ಲ ಮಾಡುತ್ತಾರೆ. ಆದರೂ ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಈ ಸೆಮಿಸ್ಟರ್ ಬಿಟ್ಟುಬಿಡಲಾ?
(ಹೆಸರು ಬೇಡ)

ಉತ್ತರ: ತಂಗೀ, ಬಿಡಬೇಡ. ಮೊದಲು ಇದನ್ನು ಹೇಳಿ ಆಮೇಲೆ ಉಳಿದದ್ದು.

ನಿನ್ನ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಜಗಳ ಅಲ್ಲ, "ಹೇಳಿದ ಕೆಲಸವೆಲ್ಲ ಮಾಡುತ್ತಾರೆ" ಎಂಬ ಸಾಲು. ನಾನು ಮದುವೆಯಾದಾಗ ಎಂ.ಎ. ಎರಡನೇ ವರ್ಷ. ಇವರಿಗೆ ರಾತ್ರಿ ಪಾಳಿ. ಎಷ್ಟೋ ದಿನ ಬಾಗಿಲಲ್ಲಿ ಬೀಗದ ಕೈ ಕೊಡುವಾಗಲಷ್ಟೇ ಮುಖ ನೋಡುತ್ತಿದ್ದೆವು. ಒಮ್ಮೆ ಬಚ್ಚಲುಮನೆಯ ಬಲ್ಬ್ ಹೋಯಿತು. ನಾಲ್ಕು ದಿನ ಇಬ್ಬರೂ ಕತ್ತಲೆಯಲ್ಲೇ ಸ್ನಾನ ಮಾಡಿದೆವು. ಐದನೇ ದಿನ ನಾನು ಅತ್ತೆ. ಇವರು ಗಾಬರಿಯಾಗಿ, "ಹೇಳಿದ್ರೆ ಹಾಕ್ತಿದ್ದೆ ಅಲ್ವಾ" ಅಂದರು. ಅದು ನಿಜವೇ, ಹಾಕುತ್ತಿದ್ದರು. ಆದರೆ ಗಮನಿಸಬೇಕಾದವಳು ನಾನು, ನೆನಪಿಡಬೇಕಾದವಳು ನಾನು, ಹೇಳಬೇಕಾದವಳೂ ನಾನು. ಬಲ್ಬ್ ಹಾಕುವುದು ಎರಡು ನಿಮಿಷದ ಕೆಲಸ. ಉಳಿದದ್ದು ನಾಲ್ಕು ದಿನ ನನ್ನ ತಲೆಯಲ್ಲೇ ಕೂತಿತ್ತು.

ಆದ್ದರಿಂದ ಕೆಲಸ ಹಂಚುವಾಗ ತುಂಡು ಮಾಡಿ ಹಂಚಬೇಡಿ. ಬಟ್ಟೆ ಅವರದ್ದು ಅಂದರೆ ಪೂರ್ತಿ ಅವರದ್ದೇ. ಸೋಪಿನ ಪುಡಿ ಮುಗಿಯುತ್ತಾ ಬಂದದ್ದು ನೋಡುವುದರಿಂದ ಹಿಡಿದು ಮಡಚಿ ಇಡುವವರೆಗೆ. ನಿನಗೆ ಅದರ ಯೋಚನೆಯೇ ಬೇಡ. ಮೊದಲ ವಾರ ಬಟ್ಟೆ ರಾಶಿ ಬಿದ್ದೀತು. ಬೀಳಲಿ. ನೀನು ಎದ್ದು ಹೋಗಿ ತೆಗೆಯಬೇಡ. ಇದು ಕಷ್ಟ, ನನಗೆ ಗೊತ್ತು.

ಇನ್ನು "ಅರ್ಧ ದಿನ" ಎಂಬ ಮಾತು. ಕಾಲೇಜು 5 ಗಂಟೆ, ಆಫೀಸು 4 ಗಂಟೆ. ಒಂಬತ್ತಾಯಿತು. ಅದರ ಮೇಲೆ ಓದು, ಅದರ ಮೇಲೆ ಮನೆ. ಅವರು ಲೆಕ್ಕದಲ್ಲಿ ಕಾಲೇಜನ್ನು ಬಿಟ್ಟಿದ್ದಾರೆ. ಬೇಕಂತಲೇ ಬಿಟ್ಟದ್ದಲ್ಲ ಅಂತ ನನಗನ್ನಿಸುತ್ತದೆ. 1979ರಲ್ಲಿ ಕೆನಡಾದ ಮೈಕೆಲ್ ರಾಸ್ ಮತ್ತು ಫಿಯೋರಿ ಸಿಕೋಲಿ ಎಂಬ ಸಂಶೋಧಕರು ದಂಪತಿಗಳನ್ನು ಬೇರೆ ಬೇರೆಯಾಗಿ ಕೇಳಿದ್ದರು, ಮನೆಯ ಒಂದೊಂದು ಕೆಲಸದಲ್ಲಿ ನಿಮ್ಮ ಪಾಲು ಎಷ್ಟು ಅಂತ. ಹೆಚ್ಚಿನ ಕೆಲಸಗಳಲ್ಲಿ ಇಬ್ಬರ ಉತ್ತರ ಕೂಡಿಸಿದರೆ ನೂರಕ್ಕಿಂತ ಜಾಸ್ತಿ ಬಂತು. ಯಾರೂ ಸುಳ್ಳು ಹೇಳಿರಲಿಲ್ಲ. ನಾವು ಮಾಡಿದ್ದು ನಮಗೆ ಚೆನ್ನಾಗಿ ನೆನಪಿರುತ್ತದೆ, ಇನ್ನೊಬ್ಬರು ಮಾಡಿದ್ದು ಅಷ್ಟು ನೆನಪಿರುವುದಿಲ್ಲ. ನೀವಿಬ್ಬರೂ ಒಂದು ರಜೆಯ ದಿನ ಹೀಗೇ ಬೇರೆ ಬೇರೆ ಹಾಳೆಯಲ್ಲಿ ಬರೆದು ನೋಡಿ. ನಿನ್ನ ಹಾಳೆಯೂ ಸ್ವಲ್ಪ ಜಾಸ್ತಿಯೇ ಹೇಳೀತು, ಬೇಜಾರು ಮಾಡಿಕೊಳ್ಳಬೇಡ.

ಓದಿನ ವಿಷಯ. 5ಕ್ಕೆ ಎದ್ದವಳಿಗೆ ರಾತ್ರಿ 10 ಅಂದರೆ ಎದ್ದು ಹದಿನೇಳು ಗಂಟೆ. ಅಷ್ಟು ಹೊತ್ತು ಎಚ್ಚರ ಇದ್ದವರ ಚುರುಕು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿದಿರುತ್ತದೆ ಎಂದು 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪರೀಕ್ಷೆ ಮಾಡಿ ತೋರಿಸಿದ್ದಾರೆ. ನಿನ್ನ ತಲೆ ದಡ್ಡ ಅಲ್ಲಮ್ಮಾ, ದಣಿದಿದೆ. ಹತ್ತರ ಮೇಲೆ ಪುಸ್ತಕ ಮುಟ್ಟಬೇಡ, ಮಲಗು. ಬದಲಿಗೆ 1ರಿಂದ 2ರ ಮಧ್ಯೆ ಸಿಗುವ ಇಪ್ಪತ್ತು ನಿಮಿಷ ಹಿಡಿದುಕೋ. ಅವತ್ತು ಕ್ಲಾಸಿನಲ್ಲಿ ಕೇಳಿದ್ದನ್ನು ಪುಸ್ತಕ ನೋಡದೆ ಬರೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ 1885ರಷ್ಟು ಹಿಂದೆಯೇ, ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಮೊದಲ ಕೆಲವು ಗಂಟೆಗಳಲ್ಲೇ ಅತಿ ಜೋರು ಎಂದು ಕಂಡುಕೊಂಡಿದ್ದ. ಅರ್ಥ ಇರುವ ಪಾಠ ಅಷ್ಟು ಬೇಗ ಹೋಗುವುದಿಲ್ಲ, ಆದರೂ ಅದೇ ದಿನ ಒಮ್ಮೆ ತಿರುವಿದರೆ ಎಷ್ಟೋ ಉಳಿಯುತ್ತದೆ. ಬೆಳಗಿನ ಅಡುಗೆಯನ್ನು ಅವರು ವಾರಕ್ಕೆ ಮೂರು ದಿನ ವಹಿಸಿಕೊಂಡರೆ ಇನ್ನೊಂದು ಗಂಟೆ ಸಿಗುತ್ತದೆ. ಅವರು ಹೊರಡುವುದು 9ಕ್ಕೆ ತಾನೇ?

ಆ ಮಾತು ನೋಯಿಸಿತು ಅಂತ ಅವರಿಗೆ ಹೇಳಿದ್ದೀಯಾ? ಪತ್ರದಲ್ಲಿ ಎಲ್ಲೂ ಬರೆದಿಲ್ಲ. ಜಗಳ ಇಲ್ಲದ ಹೊತ್ತು ನೋಡಿ ಹೇಳು. ಬಾಯಿ ಬಾರದಿದ್ದರೆ ಈ ಪುಟ ಮಡಚಿ ಅವರ ದಿಂಬಿನ ಮೇಲಿಟ್ಟು ಮಲಗಿಬಿಡು.