ವಾಪಸ್ ಕೊಡದ ಆಟಗಳು

ಕಳೆದ ಎರಡು ವರ್ಷಗಳಲ್ಲಿ ಒಂದೇ ಬಗೆಯ ತೊಂದರೆ ಹೇಳಿಕೊಂಡು ಮೂವರು ಆಪ್ತ ಸಲಹೆಗಾರ್ತಿಯಾದ ನನ್ನಲ್ಲಿಗೆ ಬಂದಿದ್ದಾರೆ. ಮೂವರೂ ನಲವತ್ತರೊಳಗಿನವರು, ಸಂಬಳಕ್ಕೆ ಕೊರತೆ ಇಲ್ಲದವರು, ಕಂಪ್ಯೂಟರ್ ಆಟಗಳನ್ನು ಕೊಳ್ಳುವವರು ಮತ್ತು ಕೊಂಡದ್ದನ್ನು ಆಡದೆ ಬಿಡುವವರು. ಅವರು ಕೊಳ್ಳುತ್ತಿದ್ದವು ತಮಗೆ ನಿಜವಾಗಿ ಇಷ್ಟವಾಗುವ ಬಗೆಯ ಆಟಗಳೂ ಆಗಿರಲಿಲ್ಲ. ಈ ಮೂವರಲ್ಲಿ ಮೊದಲು ಬಂದವರ ವಿಷಯದಲ್ಲಿ ನಾನು ಆರಂಭದಲ್ಲೇ ಎಡವಿದೆ. ಅದು ಇನ್ನೂ ಮನಸ್ಸಿನಲ್ಲಿ ಚುಚ್ಚುತ್ತಿರುವುದರಿಂದ ಅವರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ. ಅವರನ್ನು ಪ್ರಸನ್ನ ಎಂದು ಕರೆಯೋಣ.

ಪ್ರಸನ್ನ ಅವರಿಗೆ ಮೂವತ್ತಾರು ವರ್ಷ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಿಂದ ಬಂದು ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದಲ್ಲಿ ನೆಲೆಯಾದವರು. ಹೆಂಡತಿ ಶಾಲಾ ಶಿಕ್ಷಕಿ, ಮಗಳಿಗೆ ಐದು ವರ್ಷ. ಮೊದಲ ಕರೆ ಬಂದದ್ದು ಹೆಂಡತಿಯಿಂದ. ಬ್ಯಾಂಕಿನ ವಿವರ ನೋಡುವಾಗ ಒಂದೇ ವರ್ಷದಲ್ಲಿ ಅರುವತ್ತು ಸಾವಿರ ರೂಪಾಯಿಗಿಂತ ಹೆಚ್ಚು ಹಣ ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಗೆ ಹೋಗಿರುವುದು ಅವರ ಕಣ್ಣಿಗೆ ಬಿದ್ದಿತ್ತು. ಒಂದೊಂದು ಸಲಕ್ಕೆ ಇನ್ನೂರ ತೊಂಬತ್ತೊಂಬತ್ತು, ನಾನೂರ ನಲವತ್ತೊಂಬತ್ತು, ಅಪರೂಪಕ್ಕೊಮ್ಮೆ ಎರಡು ಸಾವಿರ. “ಇವರಿಗೆ ಗೇಮ್ ಹುಚ್ಚು ಹಿಡಿದಿದೆ ಮೇಡಂ, ದಯವಿಟ್ಟು ಬಿಡಿಸಿ” ಎಂದು ಆಕೆ ಹೇಳಿದರು. ನಾನು ಆ ಮಾತನ್ನು ಹಾಗೆಯೇ ನಂಬಿದೆ.

ನಂಬಲು ಕಾರಣಗಳಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದ್ದು, ಅದರಲ್ಲಿ ಗೇಮಿಂಗ್ ಅಸ್ವಸ್ಥತೆಗೆ ಪ್ರತ್ಯೇಕ ಸ್ಥಾನವಿದೆ. ನಮ್ಮ ನಿಮ್ಹಾನ್ಸ್‌ನಲ್ಲಂತೂ ತಂತ್ರಜ್ಞಾನದ ಅತಿಬಳಕೆಗೆಂದೇ ‘ಶಟ್’ ಕ್ಲಿನಿಕ್ 2014ರಿಂದ ನಡೆಯುತ್ತಿದೆ. ಹೀಗಾಗಿ ಆಟ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮಂಥ ಸಲಹೆಗಾರರ ಕೈ ತಾನಾಗಿ ಆ ಕಡೆಗೆ ಹೋಗುತ್ತದೆ. ಎರಡು ವಾರ ಎಷ್ಟು ಹೊತ್ತು ಆಡಿದಿರಿ ಎಂದು ದಿನವೂ ಬರೆದಿಡಿ ಎಂದು ನಾನು ಪ್ರಸನ್ನ ಅವರಿಗೆ ಹೇಳಿದೆ. ಅವರು ಶ್ರದ್ಧೆಯಿಂದ ಬರೆದು ತಂದರು. ಹದಿನಾಲ್ಕು ದಿನಗಳಲ್ಲಿ ಒಟ್ಟು ಒಂಬತ್ತು ಗಂಟೆ. ದಿನಕ್ಕೆ ನಲವತ್ತು ನಿಮಿಷವೂ ಆಗಲಿಲ್ಲ. ಆ ಒಂಬತ್ತರಲ್ಲಿ ಎಂಟು ಗಂಟೆ ಅವರು ಆಡಿದ್ದು ‘ಏಜ್ ಆಫ್ ಎಂಪೈರ್ಸ್ 2’ ಎಂಬ ಒಂದೇ ಆಟ, ಅದೂ 1999ರದ್ದು, 2019ರಲ್ಲಿ ಹೊಸ ರೂಪದಲ್ಲಿ ಬಂದದ್ದು. ಅದೇ ಎರಡು ವಾರಗಳಲ್ಲಿ ಅವರು ಆರು ಹೊಸ ಆಟಗಳನ್ನು ಕೊಂಡಿದ್ದರು. ಒಂದನ್ನೂ ಇನ್‌ಸ್ಟಾಲ್ ಕೂಡ ಮಾಡಿರಲಿಲ್ಲ.

ನನ್ನ ಪ್ರಶ್ನೆಯೇ ತಪ್ಪಾಗಿತ್ತು ಎಂಬುದು ಆಗ ಹೊಳೆಯಿತು. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದ್ದರೂ ಮುಂದುವರಿಸುವುದು ಎಂಬ ಲಕ್ಷಣಗಳಲ್ಲಿ ಒಂದೂ ಇಲ್ಲದ ಮನುಷ್ಯನಿಗೆ ನಾನು ಆಟದ ದಿನಚರಿ ಬರೆಸುತ್ತ ಕುಳಿತಿದ್ದೆ. ಹೆಂಡತಿಯವರ ತಿಳಿವಳಿಕೆ ನನ್ನದಕ್ಕಿಂತ ನೆಟ್ಟಗಿತ್ತು. ಮುಂದೊಮ್ಮೆ ಇಬ್ಬರೂ ಒಟ್ಟಿಗೆ ಬಂದಾಗ ಆಕೆ, “ನಾನು ಸೀರೆ ತಗೊಂಡ್ರೆ ಒಂದ್ಸಲ ಆದ್ರೂ ಉಡ್ತೀನಿ” ಎಂದು ಬಿಟ್ಟರು.

ಮೂರನೆಯ ಭೇಟಿಗೆ ಲ್ಯಾಪ್‌ಟಾಪ್ ತರಲು ಹೇಳಿದೆ. ನಡೆದದ್ದೆಲ್ಲ ಆ ಐವತ್ತು ನಿಮಿಷಗಳಲ್ಲೇ.

ಸ್ಟೀಮ್‌ನಲ್ಲಿ ಕೊಂಡ ಆಟಗಳೆಲ್ಲ ‘ಲೈಬ್ರರಿ’ ಎಂಬ ಒಂದು ಪಟ್ಟಿಯಲ್ಲಿ ಕೂರುತ್ತವೆ. ಪ್ರತಿಯೊಂದನ್ನೂ ಎಷ್ಟು ಹೊತ್ತು ಆಡಿದ್ದೀರಿ ಎಂಬ ಲೆಕ್ಕ ಅಲ್ಲಿ ಕಾಣುತ್ತದೆ. ಪ್ರಸನ್ನ ಅವರ ಪಟ್ಟಿಯಲ್ಲಿ 214 ಆಟಗಳಿದ್ದವು. ಆಡಿದ ಹೊತ್ತಿನ ಪ್ರಕಾರ ಜೋಡಿಸಿ ನೋಡಿದಾಗ ಮೇಲುಗಡೆ ‘ಏಜ್ ಆಫ್ ಎಂಪೈರ್ಸ್ 2’ ಸಾವಿರದ ನೂರು ಗಂಟೆ ದಾಟಿ ನಿಂತಿತ್ತು. ಅದರ ಕೆಳಗೆ ಅದೇ ಜಾತಿಯ ಇನ್ನೆರಡು ಮೂರು ಸ್ಟ್ರಾಟೆಜಿ ಆಟಗಳು, ಎಂದರೆ ತಂತ್ರ ಹೂಡಿ ಆಡುವಂಥವು. ಅಲ್ಲಿಂದಾಚೆಗೆ ಒಮ್ಮೆಲೇ ಇಳಿಜಾರು: ಐವತ್ತು ನಿಮಿಷ, ಮೂವತ್ತೆರಡು ನಿಮಿಷ, ಹನ್ನೊಂದು ನಿಮಿಷ, ಆಮೇಲೆ ಏನೂ ಇಲ್ಲದ ಸಾಲು ಸಾಲು ಹೆಸರುಗಳು. ಅವುಗಳಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಂಡು ಅದರ ಬಗ್ಗೆ ಹೇಳಿ ಎಂದೆ.

ಅವರು ‘ಡಿಸ್ಕೊ ಎಲಿಸಿಯಂ’ ಎಂಬ ಆಟವನ್ನು ಆರಿಸಿಕೊಂಡರು. ನೆನಪು ಕಳೆದುಕೊಂಡ ಒಬ್ಬ ಪತ್ತೇದಾರ, ಅವನ ತಲೆಯೊಳಗೆ ಒಬ್ಬರೊಡನೊಬ್ಬರು ವಾದಿಸುವ ದನಿಗಳು, ಹೊಡೆದಾಟವೇ ಇಲ್ಲದೆ ಬರಿ ಮಾತಿನಲ್ಲಿ ಸಾಗುವ ಕಥೆ ಎಂದು ಅವರು ವಿವರಿಸಿದ್ದನ್ನು ಕೇಳಿದರೆ ನನಗೇ ಆಡಬೇಕೆನ್ನಿಸಿತು. ಅದನ್ನು ಅವರು ಆಡಿದ್ದು ಹನ್ನೊಂದು ನಿಮಿಷ. ಉಳಿದದ್ದೆಲ್ಲ ವಿಮರ್ಶೆಗಳಿಂದ ಬಂದ ಜ್ಞಾನ. “ಪರದೆ ತುಂಬ ಓದೋದು ಮೇಡಂ, ಆಫೀಸಿನಲ್ಲಿ ಇಡೀ ದಿನ ಓದಿ ಬಂದಿರ್ತೀನಿ” ಎಂದು ತಲೆ ತಗ್ಗಿಸಿದರು.

ಆಮೇಲೆ ‘ಎಲ್ಡೆನ್ ರಿಂಗ್’. 2022ರ ಡಿಸೆಂಬರಿನಲ್ಲಿ ಅದಕ್ಕೆ ವರ್ಷದ ಆಟ ಎಂಬ ಪ್ರಶಸ್ತಿ ಬಂದ ವಾರದಲ್ಲೇ ಕೊಂಡಿದ್ದರು. ಕಷ್ಟಕ್ಕೆ ಹೆಸರಾದ ಆಟ. ಸತ್ತು ಸತ್ತು ಕಲಿಯುವುದೇ ಅದರ ರೀತಿಯಂತೆ. ಬಯಲಿಗೆ ಕಾಲಿಟ್ಟ ಕೂಡಲೇ ಚಿನ್ನದ ಕವಚ ತೊಟ್ಟ ಒಬ್ಬ ಕುದುರೆ ಸವಾರ ಎದುರಾಗುತ್ತಾನೆ. ಅವನ ಕೈಯಲ್ಲಿ ಇವರು ಹದಿನೇಳು ಸಲ ಸತ್ತರು, ನಲವತ್ತೈದನೆಯ ನಿಮಿಷಕ್ಕೆ ಮುಚ್ಚಿಟ್ಟರು. ಆ ಸವಾರನ ಎದುರು ನಿಲ್ಲದೆ ಪಕ್ಕದಿಂದ ಸುತ್ತಿ ಸುಮ್ಮನೆ ಮುಂದೆ ಹೋಗಬಹುದಿತ್ತು ಎಂಬುದು ಅವರಿಗೆ ಒಂದು ತಿಂಗಳ ಮೇಲೆ ಸ್ನೇಹಿತರ ಹರಟೆಯಲ್ಲಿ ಗೊತ್ತಾಯಿತು. ಆಗ ಎಲ್ಲರ ಜೊತೆ ತಾವೂ ನಕ್ಕರು. ಎದುರಿಗೆ ನಿಂತು ಸತ್ತವರು ತಾವು ಎಂದು ಯಾರಿಗೂ ಹೇಳಲಿಲ್ಲ.

ಆ ಮಾತು ಕೇಳಿದಾಗ ನನಗೊಂದು ಸರಳ ಸಂಶಯ ಬಂತು. ಸ್ಟೀಮ್‌ನ ನಿಯಮದಂತೆ ಕೊಂಡ ಹದಿನಾಲ್ಕು ದಿನಗಳ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಆಟವನ್ನು ವಾಪಸ್ ಕೊಟ್ಟು ಪೂರ್ತಿ ಹಣ ಪಡೆಯಬಹುದು. 2015ರಿಂದ ಈ ಸೌಲಭ್ಯವಿದೆ. ಒಂದು ಗಂಟೆ ಆಡಿ ಇಷ್ಟವಾಗದಿದ್ದರೂ ಸರಿಯೇ ಎಂದು ನಿಯಮವೇ ಹೇಳುತ್ತದೆ. ಇವರ ಪಟ್ಟಿಯಲ್ಲಿ ನೂರೈವತ್ತಕ್ಕೂ ಹೆಚ್ಚು ಆಟಗಳು ಎರಡು ಗಂಟೆಯ ಒಳಗಿನವು. ಎಷ್ಟು ವಾಪಸ್ ಕೊಟ್ಟಿದ್ದೀರಿ ಎಂದು ಕೇಳಿದೆ.

“ಒಂದೂ ಇಲ್ಲ.”

“ನಿಯಮ ಗೊತ್ತಿರಲಿಲ್ಲವೇ?”

“ಗೊತ್ತಿತ್ತು.” ಸ್ವಲ್ಪ ಹೊತ್ತು ಟಚ್‌ಪ್ಯಾಡಿನ ಮೇಲೆ ಬೆರಳಾಡಿಸುತ್ತ ಕುಳಿತರು. “ವಾಪಸ್ ಕೊಟ್ಟರೆ ಅದು ನನಗಲ್ಲ ಅಂತ ಬರೆದುಕೊಟ್ಟ ಹಾಗಾಯ್ತಲ್ಲ ಮೇಡಂ. ಲೈಬ್ರರಿಯಲ್ಲಿ ಬಿದ್ದಿದ್ದರೆ ಇನ್ನೂ ಯಾವತ್ತೋ ಆಡಬಹುದು.”

ಬರೆದುಕೊಟ್ಟ ಹಾಗೆ ಎಂಬ ಮಾತನ್ನು ನಾನು ಟಿಪ್ಪಣಿಯಲ್ಲಿ ಅಡಿಗೆರೆ ಎಳೆದು ಇಟ್ಟುಕೊಂಡಿದ್ದೇನೆ. ಯಾರಿಗೆ ಬರೆದುಕೊಡುವುದು ಎಂದು ಕೇಳಿದಾಗ ಹಾಸ್ಟೆಲಿನ ಕಥೆ ಹೊರಬಂತು. ಊರಿನ ಸೈಬರ್ ಕೆಫೆಯಲ್ಲಿ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ಕಲಿತ ಒಂದು ಆಟವನ್ನೇ ಇಂಜಿನಿಯರಿಂಗ್ ಮುಗಿಯುವವರೆಗೆ ಆಡುತ್ತಿದ್ದ ಈ ಹುಡುಗನನ್ನು ಬೆಂಗಳೂರಿನ ಸಹಪಾಠಿಗಳು ‘ಒಂದೇ ಗೇಮ್ ಪಾರ್ಟಿ’ ಎಂದು ಕರೆಯುತ್ತಿದ್ದರು. ಅದರಲ್ಲಿ ಕ್ರೌರ್ಯವೇನೂ ಇರಲಿಲ್ಲ ಎಂದು ಅವರೇ ಹೇಳಿದರು. ಅದೇ ಗೆಳೆಯರು ಇವತ್ತಿಗೂ ಶನಿವಾರ ರಾತ್ರಿ ಡಿಸ್ಕಾರ್ಡ್ ಎಂಬ ಮಾತುಕತೆಯ ಆ್ಯಪಿನಲ್ಲಿ ಸೇರುತ್ತಾರೆ, ಹೊಸ ಆಟಗಳ ಬಗ್ಗೆ ಮಾತನಾಡುತ್ತಾರೆ. ಇವರು ಕೊಂಡಿರುತ್ತಾರೆ, ವಿಮರ್ಶೆ ಓದಿರುತ್ತಾರೆ, ಆದ್ದರಿಂದ ಮಾತಿಗೆ ಸೇರಿಕೊಳ್ಳುತ್ತಾರೆ. ಎಲ್ಲ ಬಗೆಯ ಆಟಗಳನ್ನೂ ಸವಿಯಬಲ್ಲ ಒಬ್ಬ ಪ್ರಸನ್ನ ಇದ್ದಾನೆ ಎಂಬುದಕ್ಕೆ ಆ ಪಟ್ಟಿ ಅವರಿಗೆ ರಸೀದಿಯಾಗಿತ್ತು. ವಾಪಸ್ ಕೊಟ್ಟರೆ ರಸೀದಿಯೂ ಹೋಗುತ್ತದೆ.

ನಾನು ಕೊಟ್ಟ ಸಲಹೆ ಹೀಗಿತ್ತು. ಮೂರು ತಿಂಗಳ ಕಾಲ ಯಾವ ಬಗೆಯ ಆಟವನ್ನು ಬೇಕಾದರೂ ಕೊಳ್ಳಿ, ಆದರೆ ಒಂದು ಸಲಕ್ಕೆ ಒಂದೇ ಕೊಳ್ಳಿ. ಕೊಂಡ ವಾರದೊಳಗೆ ಒಂದೇ ಕೂರಿಕೆಯಲ್ಲಿ ಒಂದು ಗಂಟೆ ಆಡಿ. ನಾಳೆಯೂ ಕೂರಬೇಕು ಎನ್ನಿಸದಿದ್ದರೆ ವಾಪಸ್ ಕೊಡಿ. ಆಡಲು ಒಂದು ಗಂಟೆ ಸಿಗದೇ ಹೋದರೂ ವಾಪಸ್ ಕೊಡಿ. ಹಣ ಸ್ಟೀಮ್‌ನ ವಾಲೆಟ್ಟಿಗೆ ಬರುವಂತೆ ಮಾಡಿಕೊಳ್ಳಬೇಡಿ, ಯಾವ ಖಾತೆಯಿಂದ ಹೋಗಿತ್ತೋ ಅಲ್ಲಿಗೇ ಹಿಂದಿರುಗಲಿ, ಏಕೆಂದರೆ ವಾಲೆಟ್ಟಿನಲ್ಲಿ ಉಳಿದ ಹಣ ಆಗಲೇ ಖರ್ಚಾದ ಹಣದಂತೆ ಕಾಣುತ್ತದೆ. ಒಂದು ವಾಪಸಾತಿ ಮುಗಿಯುವವರೆಗೆ ಇನ್ನೊಂದನ್ನು ಕೊಳ್ಳಬೇಡಿ. ಹಳೆಯ ಆಟವನ್ನು ಮಾತ್ರ ಎಷ್ಟು ಬೇಕಾದರೂ ಆಡಿ, ಯಾರಿಗೂ ಸಮಜಾಯಿಷಿ ಕೊಡಬೇಡಿ.

ಈ ಸಲಹೆ ಯಾರಿಗೂ ಹಿಡಿಸಲಿಲ್ಲ. ಕಾರ್ಡು ಕಿತ್ತುಕೊಳ್ಳಿ, ಖಾತೆ ಮುಚ್ಚಿಸಿ ಎಂದು ನಾನು ಹೇಳುತ್ತೇನೆಂದು ಹೆಂಡತಿ ಕಾಯುತ್ತಿದ್ದರು. ನಮ್ಮ ಸಲಹೆಗಾರರ ತಿಂಗಳ ಚರ್ಚೆಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು, ಕುಡಿಯುವವನಿಗೆ ದಿನಕ್ಕೊಂದು ಗ್ಲಾಸು ಎಂದು ಬರೆದುಕೊಟ್ಟಂತಾಯಿತಲ್ಲ ಎಂದರು. ನಾನು ಅದನ್ನು ಒಪ್ಪುವುದಿಲ್ಲ, ಈಗಲೂ. ಆರಂಭದಲ್ಲಿ ಎಡವಿದವಳು ಇಷ್ಟು ಗಟ್ಟಿಯಾಗಿ ಮಾತಾಡಬಾರದೇನೋ; ಆದರೂ ಹೇಳುತ್ತೇನೆ. ಸಾಲ ಮಾಡಿ ಕೊಳ್ಳುವವರು, ಕೊಂಡದ್ದನ್ನು ಸುಳ್ಳು ಹೇಳಿ ಮುಚ್ಚಿಡುವವರು, ಕೊಳ್ಳದಿದ್ದರೆ ಕೈ ನಡುಗುವವರು ಬಂದಿದ್ದರೆ ನಾನು ಖರ್ಚಿನ ದಾರಿಗಳನ್ನು ಮೊದಲು ಮುಚ್ಚಿಸುತ್ತಿದ್ದೆ, ಮನೋವೈದ್ಯರ ಬಳಿಗೂ ಕಳುಹಿಸುತ್ತಿದ್ದೆ. ಪ್ರಸನ್ನ ಅವರಿಗೆ ಕೊಳ್ಳುವ ಗುಂಡಿ ಒತ್ತುವುದು ಸುಲಭವಾಗಿತ್ತು, ನನಗಿದು ಬೇಡ ಎನ್ನುವ ಗುಂಡಿ ಒತ್ತುವುದು ಅಸಾಧ್ಯವಾಗಿತ್ತು. ಅಸಾಧ್ಯವಾದದ್ದನ್ನೇ ಅಭ್ಯಾಸ ಮಾಡಿಸಬೇಕು ಎನ್ನುವುದು ನನ್ನ ನಿಲುವು. ಖಾತೆ ಮುಚ್ಚಿಸಿದ್ದರೆ ಆ ಪಾಠವೇ ತಪ್ಪುತ್ತಿತ್ತು, ಜೊತೆಗೆ ಅವರಿಗೆ ನೆಮ್ಮದಿ ಕೊಡುತ್ತಿದ್ದ ಒಂದೇ ಒಂದು ಆಟವೂ ಹೋಗುತ್ತಿತ್ತು.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ವಾಪಸಾತಿಯ ಸೌಲಭ್ಯ ಇರುವುದು ಬಿಟ್ಟಿ ಆಡುವುದಕ್ಕಲ್ಲ, ದುರುಪಯೋಗವೆಂದು ಕಂಡುಬಂದರೆ ನಿಲ್ಲಿಸುತ್ತೇವೆ ಎಂದು ನಿಯಮದಲ್ಲೇ ಇದೆ. ಆದ್ದರಿಂದಲೇ ಒಂದು ಸಲಕ್ಕೆ ಒಂದೇ ಆಟ ಎಂದು ಕಟ್ಟುಹಾಕಿದ್ದು. ಪುಕ್ಕಟೆ ಡೆಮೊ, ಎಂದರೆ ಆಡಿ ನೋಡಲು ಕೊಡುವ ಒಂದು ತುಣುಕು, ಇರುವ ಆಟಗಳಿಗೆ ಮೊದಲು ಡೆಮೊ ಆಡುವಂತೆಯೂ ಹೇಳಿದೆ. ಮುಂದೆ ಬರಲಿರುವ ಆಟಗಳ ನೂರಾರು ಡೆಮೊಗಳನ್ನು ಸ್ಟೀಮ್ ವರ್ಷದಲ್ಲಿ ಕೆಲವು ಸಲ ಒಂದು ವಾರದ ಮಟ್ಟಿಗೆ ಒಟ್ಟಿಗೆ ಬಿಡುತ್ತದೆ.

ಓದುಗರಲ್ಲಿ ಇಂಥ ಪಟ್ಟಿ ಉಳ್ಳವರು ಇದ್ದೇ ಇರುತ್ತೀರಿ. ನಿಮಗಾಗಿ ಹೊತ್ತಿನ ವಿಷಯವೊಂದನ್ನು ಹೇಳಬೇಕು. ಸ್ಟೀಮ್‌ನ ದೊಡ್ಡ ರಿಯಾಯಿತಿ ಮಾರಾಟಗಳು ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗಿನ ಹತ್ತು ಗಂಟೆಗೆ ಶುರುವಾಗುತ್ತವೆ. ನಮ್ಮಲ್ಲಿ ಆಗ ಬೇಸಿಗೆಯ ಮಾರಾಟಕ್ಕೆ ರಾತ್ರಿ ಹತ್ತೂವರೆ, ಡಿಸೆಂಬರಿನದಕ್ಕೆ ಹನ್ನೊಂದೂವರೆ. ಮಗು ಮಲಗಿದೆ, ಪಾತ್ರೆ ತೊಳೆದಾಗಿದೆ, ನಾಳೆಯ ಮೀಟಿಂಗ್ ನೆನಪಾಗುತ್ತಿದೆ. ಆಡಲು ಚೈತನ್ಯವಿಲ್ಲ, ಕೊಳ್ಳಲು ಒಂದು ಬೆರಳು ಸಾಕು. ಪ್ರಸನ್ನ ಅವರ ಖರೀದಿಗಳ ಹೊತ್ತನ್ನು ರಸೀದಿಯ ಮೇಲ್‌ಗಳಿಂದ ಹೆಕ್ಕಿದಾಗ ಹತ್ತರಲ್ಲಿ ಎಂಟು ರಾತ್ರಿ ಹತ್ತೂವರೆಯಿಂದ ಒಂದು ಗಂಟೆಯೊಳಗಿನವು. ನಾನು ಮೊದಲ ದಿನವೇ ಬರೆಸಬೇಕಾಗಿದ್ದ ಲೆಕ್ಕ ಇದು. ರಾತ್ರಿಯೇ ಕೊಂಡುಬಿಡಬೇಕೆಂಬ ಆ ಅವಸರಕ್ಕೆ ಆಧಾರವೂ ಇರಲಿಲ್ಲ. ಕೆಲವೇ ಗಂಟೆ ಇದ್ದು ಮಾಯವಾಗುವ ರಿಯಾಯಿತಿಗಳನ್ನು ಸ್ಟೀಮ್ ತನ್ನ ದೊಡ್ಡ ಮಾರಾಟಗಳಲ್ಲಿ 2015ರ ಕೊನೆಗೇ ಕೈಬಿಟ್ಟಿದೆ. ಮೊದಲ ರಾತ್ರಿಯ ಬೆಲೆ ಸಾಮಾನ್ಯವಾಗಿ ಕೊನೆಯ ದಿನವೂ ಅದೇ ಇರುತ್ತದೆ. ಬೇಕಾದದ್ದನ್ನು ವಿಶ್‌ಲಿಸ್ಟಿಗೆ ಹಾಕಿ ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ನೋಡಿದರೆ ಅರ್ಧಕ್ಕರ್ಧ ಹೆಸರುಗಳು ತಾವೇ ಉದುರುತ್ತವೆ.

ತಮ್ಮ ಅಭಿರುಚಿಯ ಆಚೆಗಿನದನ್ನು ಕೊಳ್ಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಓದದ ಪುಸ್ತಕಗಳ ಎರಡು ಕಪಾಟು ಇಟ್ಟುಕೊಂಡಿರುವ ನನಗೆ ಆ ಯೋಗ್ಯತೆಯೂ ಇಲ್ಲ.

ಮೂರು ತಿಂಗಳಲ್ಲಿ ಪ್ರಸನ್ನ ಕೊಂಡದ್ದು ಏಳು ಆಟ. ವಾಪಸ್ ಕೊಟ್ಟದ್ದು ಐದು. ಮೊದಲನೆಯದನ್ನು ವಾಪಸ್ ಕೊಡಲು ಅವರಿಗೆ ಹದಿಮೂರು ದಿನ ಹಿಡಿಯಿತು. ಗಡುವಿನ ಹಿಂದಿನ ರಾತ್ರಿ ಗುಂಡಿ ಒತ್ತಿ, ಪರೀಕ್ಷೆಯ ಫಲಿತಾಂಶ ನೋಡಿದ ಹಾಗೆ ಎದೆ ಹೊಡೆದುಕೊಂಡಿತು ಎಂದು ನನಗೆ ಸಂದೇಶ ಕಳಿಸಿದರು. ಐದನೆಯದಕ್ಕೆ ಎರಡು ದಿನ ಸಾಕಾಯಿತು. ಒಂದು ಶನಿವಾರ ಗೆಳೆಯರಿಗೆ, ಎಲ್ಡೆನ್ ರಿಂಗ್‌ನ ಕುದುರೆ ಸವಾರನ ಎದುರು ಹದಿನೇಳು ಸಲ ಸತ್ತದ್ದನ್ನೂ ಹೇಳಿದರಂತೆ. ಅವರಲ್ಲೊಬ್ಬ ತಾನು ಮೂವತ್ತು ಸಲ ಸತ್ತದ್ದಾಗಿ ಹೇಳಿದನಂತೆ. ಹಳೆಯ ಪಟ್ಟಿ ಹಾಗೆಯೇ ಇದೆ; ಅವುಗಳ ಗಡುವು ಎಂದೋ ಮುಗಿದಿದೆ. ಹಳೆಯ ಲೆಕ್ಕ ಸರಿಹೋಗಿಲ್ಲ ಎಂಬ ಅಸಮಾಧಾನ ಹೆಂಡತಿಯವರಿಗೆ ಇನ್ನೂ ಇದೆ, ಅದು ನ್ಯಾಯವೂ ಹೌದು.

ಕೊನೆಯ ಸಂದೇಶ ಬಂದದ್ದು ಡಿಸೆಂಬರಿನ ಮಾರಾಟದ ಹೊತ್ತಿಗೆ. ತೋಟ ಮಾಡಿ, ಕೋಳಿ ಸಾಕಿ, ಹಳ್ಳಿಯವರೊಡನೆ ಸ್ನೇಹ ಬೆಳೆಸುವ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಆಟವನ್ನು ಕೊಂಡು, ಐವತ್ತು ನಿಮಿಷ ಆಡಿ, ತಮ್ಮದಲ್ಲವೆಂದು ವಾಪಸ್ ಕೊಟ್ಟಿದ್ದರು. ಮರುದಿನ ಹೆಂಡತಿ, ಅದನ್ಯಾಕೆ ಕೊಟ್ಟಿರಿ, ಪಕ್ಕದಲ್ಲಿ ಕೂತು ನೋಡ್ತಿದ್ದೆ, ನಾನು ಆಡ್ತಿದ್ದೆನಲ್ಲ ಎಂದರಂತೆ. ಮತ್ತೆ ಕೊಂಡರೆ ಅದನ್ನೂ ತಮ್ಮ ಲೆಕ್ಕಕ್ಕೆ ಸೇರಿಸಬೇಕೇ ಎಂದು ಪ್ರಸನ್ನ ಕೇಳಿದ್ದರು. ಸೇರಿಸಿ, ಆದರೆ ಅವರ ಹೆಸರಿನಲ್ಲಿ ಬರೆಯಿರಿ, ಒಂದು ಗಂಟೆಯ ನಿಯಮ ಅವರಿಗೂ ಇರಲಿ ಎಂದು ಉತ್ತರಿಸಿದೆ.