ಶಾಮಿಯಾನ ಹೇಳುವ ಮೊದಲು ಪರದೆ ತೀರ್ಮಾನವಾಗಲಿ

ಪ್ರಶ್ನೆ: ಡಿಸೆಂಬರ್‌ನಲ್ಲಿ ನಮ್ಮ ಶಾಲೆಯ ವಾರ್ಷಿಕೋತ್ಸವ ಮೈದಾನದಲ್ಲಿದೆ. ಸಂಜೆ 4ಕ್ಕೆ ಶುರು, 600 ಕುರ್ಚಿ, ಕೊನೆಯ ಸಾಲು ವೇದಿಕೆಯಿಂದ 20 ಮೀಟರ್. ಹಿಂಬದಿಗೆ 12 × 8 ಅಡಿ ಎಲ್‌ಇಡಿ ವಾಲ್ (ಸಣ್ಣ ದೀಪಗಳ ಗೋಡೆಯಂಥ ಪರದೆ) ಸಾಕು ಎಂದು ಬಾಡಿಗೆಯವರು ಹೇಳುತ್ತಾರೆ. ಪ್ರೊಜೆಕ್ಟರ್ ಅಗ್ಗವಲ್ಲವೇ? ಈಗಲೇ ಏನೇನು ನಿರ್ಧರಿಸಬೇಕು?
– ಚಿಕ್ಕಮಗಳೂರಿನ ಓದುಗರು

ಉತ್ತರ: ಪ್ರೊಜೆಕ್ಟರ್ ಬಿಡಿ. ಡಿಸೆಂಬರ್‌ನಲ್ಲೂ ಸೂರ್ಯ ಮುಳುಗುವಾಗ ಆರು ಗಂಟೆ ದಾಟಿರುತ್ತದೆ, ಆರೂವರೆಯವರೆಗೆ ಬಯಲಿನಲ್ಲಿ ಪರದೆ ಬರೀ ಬಿಳಿ ಬಟ್ಟೆ. 5,000 ಲ್ಯೂಮೆನ್ಸ್ ಪ್ರೊಜೆಕ್ಟರಿನ ಬೆಳಕನ್ನು 10 ಚದರ ಮೀಟರಿಗೆ ಹರಡಿದರೆ ಸಿಗುವುದು 500 ಲಕ್ಸ್ (ಒಂದು ಚದರ ಮೀಟರಿಗೆ ಬೀಳುವ ಬೆಳಕಿನ ಅಳತೆ). ನಾಲ್ಕು ಗಂಟೆಯ ಬಿಸಿಲಿನಲ್ಲಿ ನೆರಳಿನ ಜಾಗದಲ್ಲೂ ಅದರ ಹಲವು ಪಟ್ಟು ಬೆಳಕಿರುತ್ತದೆ. ಎಲ್‌ಇಡಿ ವಾಲ್ ಆದರೂ ಹೊರಾಂಗಣದ್ದೇ ಕೇಳಿ. ಒಳಾಂಗಣದ್ದು ಸಾವಿರ ನಿಟ್ಸ್ (ಪರದೆಯ ಹೊಳಪಿನ ಅಳತೆ) ಆಸುಪಾಸು, ಹೊರಾಂಗಣದ್ದು 4,500ರಿಂದ 5,000.

ಗಾತ್ರವನ್ನು ಕೊನೆಯ ಸಾಲಿನಿಂದ ಲೆಕ್ಕ ಹಾಕಬೇಕು. ಕುಣಿತ, ವಿಡಿಯೊ ತೋರಿಸಲು ಕೊನೆಯ ಸಾಲಿನ ದೂರದ ಎಂಟನೇ ಒಂದು ಭಾಗದಷ್ಟು ಎತ್ತರ ಬೇಕು. ಅಕ್ಷರ ಓದಿಸಬೇಕಾದರೆ ಆರನೇ ಒಂದು. 20 ಮೀಟರಿಗೆ 2.5 ಮೀಟರ್ ಎತ್ತರ ಬಂತು. ಹಾಗಾಗಿ ಅವರು ಹೇಳಿದ 8 ಅಡಿ ವಿಡಿಯೊಗೆ ಸರಿ, ಉದ್ದುದ್ದ ವರದಿವಾಚನದ ಸ್ಲೈಡಿಗೆ ಸಾಲದು. ಒಂದು ಸ್ಲೈಡಿಗೆ ಆರು ಸಾಲು ಮೀರದಿರಲಿ. ಕನ್ನಡದ ಒತ್ತಕ್ಷರಕ್ಕೆ ಸಾಲಿನ ಕೆಳಗೂ ಜಾಗ ಬೇಕು ಎಂಬುದನ್ನು ಇಂಗ್ಲಿಷ್ ಮಾದರಿ ನೋಡಿ ಸ್ಲೈಡ್ ಮಾಡುವವರು ಮರೆಯುತ್ತಾರೆ.

ಬಾಡಿಗೆಯವರ ಜೊತೆ ಅಡಿಯಲ್ಲಿ ಮಾತಾಡಬೇಡಿ, ಕ್ಯಾಬಿನೆಟ್ (ಗೋಡೆ ಕಟ್ಟಲು ಜೋಡಿಸುವ ಒಂದೊಂದು ಚೌಕ) ಲೆಕ್ಕದಲ್ಲಿ ಮಾತಾಡಿ. ಸಾಮಾನ್ಯವಾಗಿ ಸಿಗುವ ಕ್ಯಾಬಿನೆಟ್ 500 × 500 ಮಿಲಿಮೀಟರ್. ಅಡ್ಡಕ್ಕೆ 8, ಎತ್ತರಕ್ಕೆ 5, ಒಟ್ಟು 40 ಕ್ಯಾಬಿನೆಟ್ ಜೋಡಿಸಿದರೆ 4 × 2.5 ಮೀಟರ್. ಪಿ 3.9 (ಪಿಕ್ಸೆಲ್ ಎಂಬ ಬೆಳಕಿನ ಚುಕ್ಕಿಗಳ ನಡುವೆ 3.9 ಮಿಲಿಮೀಟರ್) ಆದರೆ ಒಂದೊಂದರಲ್ಲಿ 128 × 128 ಪಿಕ್ಸೆಲ್, ಇಡೀ ಗೋಡೆ 1024 × 640. ಇದು 16:10 ಅಳತೆ. 16:9ರಲ್ಲಿ ಮಾಡಿದ ವಿಡಿಯೊ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಇಲ್ಲವೇ ಎಳೆದು ತುಂಬಿಸಿ ಮಕ್ಕಳನ್ನು ಉದ್ದ ಮಾಡುತ್ತಾರೆ. ಈ 1024 × 640 ಎಂಬ ಸಂಖ್ಯೆಯನ್ನು ವಿಡಿಯೊ ಎಡಿಟ್ ಮಾಡುವವರಿಗೆ ಮೂರು ವಾರ ಮೊದಲೇ ಕೊಡಿ.

ಇನ್ನೊಂದು ಸೂಕ್ಷ್ಮ. ಲ್ಯಾಪ್‌ಟಾಪಿನ ಚಿತ್ರವನ್ನು ಗೋಡೆಗೆ ಕಳಿಸುವ ಪೆಟ್ಟಿಗೆ ಪ್ರೊಸೆಸರ್. ಅದರ ಒಂದು ಗಿಗಾಬಿಟ್ ಪೋರ್ಟ್ ಸಾಮಾನ್ಯವಾಗಿ 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಚಿತ್ರ) ಹೊರುವುದು 6,50,000 ಪಿಕ್ಸೆಲ್. ನಿಮ್ಮ ಗೋಡೆಯದು 6,55,360! ಇಷ್ಟು ಸಣ್ಣ ವ್ಯತ್ಯಾಸಕ್ಕೇ ಎರಡು ಪೋರ್ಟ್, ಎರಡು ಕೇಬಲ್ ಬೇಕಾಗುತ್ತದೆ. ಒಂದೇ ಕೇಬಲ್ ತಂದರೆ ಕೊನೆಯ ಕ್ಯಾಬಿನೆಟ್ ಕತ್ತಲೆ. ಪ್ರೊಸೆಸರನ್ನು ವೇದಿಕೆಯ ಹಿಂದಿಡದೆ ಲ್ಯಾಪ್‌ಟಾಪ್ ಪಕ್ಕದಲ್ಲೇ ಇರಿಸಿ, ಅಲ್ಲಿಂದ ಗೋಡೆಗೆ ಕ್ಯಾಟ್ 6 (ನೆಟ್‌ವರ್ಕ್ ಕೇಬಲ್) ಎಳೆಯಿರಿ. ಅದು 100 ಮೀಟರ್‌ವರೆಗೆ ನಡೆಯುತ್ತದೆ. ಎಚ್‌ಡಿಎಂಐ ಕೇಬಲ್ 15 ಮೀಟರ್ ದಾಟಿದರೆ ಮಿಣುಕಲು ಶುರು. ಕ್ಯಾಟ್ 6 ಮೂರು ಎಳೆದಿಡಿ, ಒಂದು ಮೀಸಲು. ಕುರ್ಚಿಗಳ ನಡುವೆ ಬೇಡ, ಮೈದಾನದ ಅಂಚಿನಲ್ಲಿ ಹೋಗಲಿ.

ಈಗ ಎಲ್ಲರೂ ತಪ್ಪುವ ಜಾಗಕ್ಕೆ ಬರೋಣ. ವೇದಿಕೆ ಎತ್ತರ 4 ಅಡಿ. ಕುಣಿಯುವವರ ಹಿಂದೆ ಚಿತ್ರ ಕಾಣಲು ಗೋಡೆಯ ಬುಡ ವೇದಿಕೆಯಿಂದ 3 ಅಡಿ ಮೇಲಿರಬೇಕು. ಗೋಡೆ ಎಂಟೂಕಾಲು ಅಡಿ. ಒಟ್ಟು ನೆಲದಿಂದ 15 ಅಡಿ ದಾಟಿತು. ಶಾಮಿಯಾನದವರು ಹೇಳದೇ ಇದ್ದರೆ 10–12 ಅಡಿಗೆ ಬಟ್ಟೆ ಕಟ್ಟಿ ಹೋಗುತ್ತಾರೆ, ಅದರ ಮೇಲೊಂದು ಝಾಲರಿ. ಹಿಂದಿನ ಸಾಲಿನವರಿಗೆ ಪರದೆಯ ಮೇಲರ್ಧ ಝಾಲರಿಯ ಹಿಂದೆ ಹೋಗುತ್ತದೆ, ಮಧ್ಯದ ಕಂಬ ಬೇರೆ ಅಡ್ಡ. ಕಾರ್ಯಕ್ರಮದ ಬೆಳಿಗ್ಗೆ ಇದನ್ನು ಸರಿಪಡಿಸಲು ಆಗುವುದಿಲ್ಲ. ಆದ್ದರಿಂದ ಮೊದಲ ನಕ್ಷೆಯಲ್ಲೇ ವೇದಿಕೆ ಕಡೆಯ ಬಾಗಿಲು 17 ಅಡಿ ಎತ್ತರ, ನಡುವೆ ಕಂಬವಿಲ್ಲ ಎಂದು ಬರೆಸಿಕೊಳ್ಳಿ. ಸಮಿತಿಯವರು ಫ್ಲೆಕ್ಸ್ ಬೇಕೇಬೇಕು ಎಂದರೆ ಅದನ್ನು ಗೋಡೆಯಲ್ಲೇ ತೋರಿಸಬಹುದು, ಮತ್ತೆ ಅಚ್ಚು ಹಾಕಿಸುವ ಖರ್ಚೂ ಉಳಿಯಿತು.

ದಿಕ್ಕನ್ನೂ ಅದೇ ನಕ್ಷೆಯಲ್ಲಿ ನೋಡಿ. ಗೋಡೆಯ ಮುಖ ಪಶ್ಚಿಮಕ್ಕಿದ್ದರೆ ಇಳಿಬಿಸಿಲು ನೇರ ಅದರ ಮೇಲೆ. ಡಿಸೆಂಬರ್ ಸೂರ್ಯ ನೈಋತ್ಯಕ್ಕೆ ವಾಲಿ ಮುಳುಗುವುದರಿಂದ ಉತ್ತರಕ್ಕೆ ಮುಖ ಮಾಡಿದರೆ ಒಳ್ಳೆಯದು.

ಕ್ಯಾಬಿನೆಟ್ ಒಂದಕ್ಕೆ ಸುಮಾರು 8 ಕೆಜಿ, 40ಕ್ಕೆ 320 ಕೆಜಿ, ಮೇಲೆ ಟ್ರಸ್ (ಗೋಡೆ ಹೊರುವ ಲೋಹದ ಚೌಕಟ್ಟು) ತೂಕ. ಪ್ಲೈವುಡ್ ಹಲಗೆಯ ವೇದಿಕೆ ಮೇಲೆ ಅದನ್ನು ನಿಲ್ಲಿಸಬೇಡಿ. ವೇದಿಕೆಯ ಹಿಂದೆ ನೆಲದಿಂದಲೇ ಟ್ರಸ್ ಎಬ್ಬಿಸಿ ಬುಡಕ್ಕೆ ಭಾರ ಹಾಕಿಸಿ, ಗಾಳಿಗೆ ಅಷ್ಟಗಲದ ಗೋಡೆ ಹಾಯಿಯಂತೆ ತುಂಬಿಕೊಳ್ಳುತ್ತದೆ. ವಿದ್ಯುತ್ತಿಗೆ ಪೂರ್ತಿ ಬಿಳಿ ಚಿತ್ರ ಬಂದಾಗ 6–7 ಕಿಲೋವಾಟ್, ಅಂದರೆ ಸುಮಾರು 30 ಆಂಪಿಯರ್. ಶಾಲೆಯ 16 ಆಂಪಿಯರ್ ಸಾಕೆಟ್ ತಡೆಯುವುದಿಲ್ಲ. ಗೋಡೆಗೆ ಪ್ರತ್ಯೇಕ ಲೈನ್ ಕೊಡಿ, ಸೌಂಡ್ಸ್‌ನವರ ಲೈನಿಗೆ ಸೇರಿಸಿದರೆ ಸ್ಪೀಕರಿನಲ್ಲಿ ಗುಂಯ್ ಎನ್ನಬಹುದು. ಪ್ರೊಸೆಸರಿಗೆ 1 ಕೆವಿಎ ಯುಪಿಎಸ್ ಇರಲಿ. ಕರೆಂಟು ಹೋಗಿ ಜನರೇಟರ್ ಬಂದಾಗ ಗೋಡೆ ಕ್ಷಣದಲ್ಲಿ ಸಿದ್ಧವಾಗುತ್ತದೆ, ಆದರೆ ಪ್ರೊಸೆಸರ್ ಆರಿದ್ದರೆ ಅದು ಮತ್ತೆ ಏಳುವತನಕ ಪರದೆ ಕಪ್ಪೇ.

ಕತ್ತಲಾದ ಮೇಲೆ ಹೊಳಪನ್ನು ಶೇ 20–30ಕ್ಕೆ ಇಳಿಸಲು ಆಪರೇಟರಿಗೆ ಹೇಳಿ. ಇಳಿಸದಿದ್ದರೆ ಮಕ್ಕಳು ಬರೀ ಕಪ್ಪು ನೆರಳಾಗುತ್ತಾರೆ, ಪೋಷಕರ ಮೊಬೈಲಿನಲ್ಲೂ ಹಾಗೇ.

ಪ್ರಶ್ನೆ: ಹಾಸನದಲ್ಲಿ ಸಭಾಂಗಣದ ಕಾರ್ಯಾಗಾರಕ್ಕೆ 4,000 ಲ್ಯೂಮೆನ್ಸ್ ಪ್ರೊಜೆಕ್ಟರ್, 10 ಅಡಿ ಅಗಲದ ಪರದೆ ಇದೆ. ಚಿತ್ರ ಮಂಕು. ದೊಡ್ಡ ಪ್ರೊಜೆಕ್ಟರ್ ತರಬೇಕೇ?

ಉತ್ತರ: ಮೊದಲು ಪರದೆ ಮೇಲಿನ ಟ್ಯೂಬ್‌ಲೈಟ್ ಆರಿಸಿ. ಪರದೆ 5.2 ಚದರ ಮೀಟರ್, ಲೆಕ್ಕಕ್ಕೆ 770 ಲಕ್ಸ್ ಬರಬೇಕು. ಲ್ಯಾಂಪ್ ಹಳೆಯದಾದರೆ ಅಷ್ಟಿಲ್ಲ. ಅಕ್ಷರ ಓದಿಸಲು ಬಿಳುಪಿಗೂ ಕಪ್ಪಿಗೂ ಕನಿಷ್ಠ 15:1 ಅಂತರ ಬೇಕು. ಪರದೆ ಮೇಲೆ ಹೊರಗಿನ ಬೆಳಕು 100 ಲಕ್ಸ್ ಬಿದ್ದರೆ ಪ್ರೊಜೆಕ್ಟರ್ 1,400 ಲಕ್ಸ್ ಕೊಡಬೇಕು (ಹೊರಗಿನದೂ ಸೇರಿ ಬಿಳುಪು 1,500, ಕಪ್ಪು 100), 40ಕ್ಕೆ ಇಳಿಸಿದರೆ 560 ಸಾಕು. ಮುಂದಿನ ಎರಡು ಸಾಲು ದೀಪಕ್ಕೆ ಬೇರೆ ಸ್ವಿಚ್ ಇದೆಯೇ ಎಂದು ಹಾಲ್ ಗೊತ್ತು ಮಾಡುವಾಗಲೇ ಕೇಳಿ. ಮೊಬೈಲಿನ ಲಕ್ಸ್ ಮೀಟರ್ ಆ್ಯಪ್ ಅಂದಾಜಿಗೆ ಸಾಕಾಗುತ್ತದೆ.

ಪ್ರಶ್ನೆ: ಅತಿಥಿಗಳ ಕನ್ನಡ ಸ್ಲೈಡ್ ನಮ್ಮ ಲ್ಯಾಪ್‌ಟಾಪಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರವಾಗಿ ಬಂತು. ಏಕೆ?

ಉತ್ತರ: ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಯಂತ್ರಕ್ಕೂ ಒಂದೇ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪಿಸಿದ್ದಾರೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹಾಗೇ ಕಾಣುವುದು. ಯೂನಿಕೋಡಿಗೆ ಬದಲಿಸಿಕೊಡಲು ಹೇಳಿ, ಇಲ್ಲವೇ ಅವರ ಯಂತ್ರದಲ್ಲೇ ಪಿಡಿಎಫ್ ಮಾಡಿಸಿ ವಾರ ಮೊದಲೇ ತರಿಸಿಕೊಳ್ಳಿ. ಹೀಗೆ ಮಾಡಿಸಿದ ಪಿಡಿಎಫ್‌ನಲ್ಲಿ ಸ್ಲೈಡಿನ ವಿಡಿಯೊ ಸಾಮಾನ್ಯವಾಗಿ ಓಡುವುದಿಲ್ಲ, ವಿಡಿಯೊ ಫೈಲನ್ನು ಬೇರೆಯಾಗಿ ಕೇಳಿ ಪಡೆಯಿರಿ.