ಕಣ್ಣಿ ಬಿಚ್ಚಲಾಗಲಿಲ್ಲ ಎಂದು ಬರೆದ ಅಕ್ಕನಿಗೆ

ರಾಮದುರ್ಗ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ: "2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟು, ರಾತ್ರಿ ಮಲಪ್ರಭೆ ಮನೆಯೊಳಗೆ ಬಂತು. ಮಗನನ್ನು ಎತ್ತಿಕೊಂಡು ಓಡಿದೆ. ಎಮ್ಮೆಯ ಕಣ್ಣಿ ಬಿಚ್ಚಲಿಲ್ಲ. ಈಗಲೂ ತಗಡಿನ ಮೇಲೆ ಮಳೆ ಬಿದ್ದರೆ ಕೈಕಾಲು ನಡುಗುತ್ತವೆ. ಆ ಮಾತು ತೆಗೆದರೆ ಮನೆಯವರು ಸಿಟ್ಟಾಗುತ್ತಾರೆ, ಅತ್ತೆ ದಿನಾ ಅದನ್ನೇ ಹೇಳುತ್ತಾರೆ. ನನಗೆ ಹುಚ್ಚು ಹಿಡಿದಿದೆಯಾ?"

ಅಕ್ಕಾ, ಹುಚ್ಚಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ.

ಅಪಾಯ ಬಂದಾಗ ಮೈ ನಮ್ಮ ಯೋಚನೆಗೆ ಕಾಯುವುದಿಲ್ಲ. ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೆಲವರು ಓಡುತ್ತಾರೆ, ಕೆಲವರು ಎದುರು ನಿಲ್ಲುತ್ತಾರೆ, ಇನ್ನು ಕೆಲವರು ನಿಂತಲ್ಲೇ ಮರಗಟ್ಟುತ್ತಾರೆ. ಯಾರೂ ಆರಿಸಿಕೊಂಡು ಮಾಡುವುದಲ್ಲ ಅದು. ಆಗ ಕೇಳಿದ ಸದ್ದು, ಮೂಗಿಗೆ ಬಡಿದ ರಾಡಿ ವಾಸನೆ ಆ ಭಯದ ಜೊತೆ ಗಂಟು ಬಿದ್ದಿರುತ್ತವೆ. ಹಾಗಾಗಿ ಇದು ಬರೀ ಜಿಟಿಜಿಟಿ ಮಳೆ ಅಂತ ನಿಮಗೆ ತಿಳಿಯುವ ಮೊದಲೇ ಮೈ ಓಡಲು ತಯಾರಾಗಿರುತ್ತದೆ.

ಮನೆಯವರ ಸಿಟ್ಟು, ಅತ್ತೆಯ ಮಾತು, ಇವೂ ಅದೇ ಹೊಳೆಯ ನೀರು. ನೆನಪಿನಿಂದ ದೂರ ಇರುವುದು, ಸಣ್ಣದಕ್ಕೂ ರೇಗುವುದು, ನಿದ್ದೆ ಕೆಡುವುದು, ಹೇಳಿದ್ದನ್ನೇ ಹೇಳುವುದು, ಎಲ್ಲ ಬರುತ್ತದೆ. ಅತ್ತೆ ಹೇಳಲಿ, ಕೇಳಿಸಿಕೊಳ್ಳಿ. ಮನೆಯವರನ್ನು ಮಾತ್ರ ಒತ್ತಾಯ ಮಾಡಿ ಮಾತಾಡಿಸಬೇಡಿ. "ಇಷ್ಟು ವರ್ಷ ಆಯ್ತು, ಇನ್ನೂ ಏನವ್ವಾ ನಿಂದು" ಎನ್ನುವವರ ಮೇಲೆ ನನಗೆ ನಿಜಕ್ಕೂ ಬೇಸರ. ಒಮ್ಮೆ ಬಸ್ಸು ಉರುಳಿದ ಮೇಲೆ ನಾನು ಎಷ್ಟೋ ವರ್ಷ ಕಿಟಕಿ ಪಕ್ಕ ಕೂರಲಿಲ್ಲ. ಕೂರಲು ಆಗುತ್ತಿರಲಿಲ್ಲ, ಅಷ್ಟೇ.

ನಡುಕ ಬಂದಾಗ ಪಾದ ನೆಲಕ್ಕೆ ಒತ್ತಿ, ಇದು ಯಾವ ವರ್ಷ, ಮಗ ಎಲ್ಲಿ ಮಲಗಿದ್ದಾನೆ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. ಬಹಳ ಮಂದಿಗೆ ಇದೆಲ್ಲ ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ತಿಂಗಳು ದಾಟಿಯೂ ನಿದ್ದೆ, ಕೆಲಸ ಕೆಡುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ನಿಮಗೆ ವರ್ಷಗಳೇ ಆಗಿವೆ, ಆದರೂ ತಡವಾಗಿಲ್ಲ, ಇದಕ್ಕೆ ಮಾತಿನ ಚಿಕಿತ್ಸೆಯೂ ಇದೆ, ಔಷಧಿಯೂ ಇದೆ. ಧಾರವಾಡದ ಸರಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ ಬನ್ನಿ. ಅದಕ್ಕೆ ಮೊದಲು ಮನಸ್ಸಿನ ತೊಂದರೆಗೆ ಇರುವ ಸರಕಾರದ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಮಳೆ ಬೀಳುವಾಗಲೂ ಮಾಡಬಹುದು.

ಇನ್ನು ಎಮ್ಮೆ. ನಿಮ್ಮ ಪೂರ್ತಿ ಪತ್ರದಲ್ಲಿ ಮನೆಗಿಂತ ಜಾಸ್ತಿ ಸಲ ಬಂದಿರುವುದು ಅದೇ. ಉಳಿದುಕೊಂಡ ಬಹಳ ಜನರನ್ನು ಇಂಥ ಒಂದು ತಪ್ಪು ಕಾಡುತ್ತದೆ, ನಾನೇ ಬಿಟ್ಟು ಬಂದೆ ಅಂತ. ಕತ್ತಲಲ್ಲಿ, ಏರುವ ನೀರಲ್ಲಿ, ಕಂಕುಳಲ್ಲಿ ಮಗು ಇದ್ದಾಗ ನೆಂದ ಕಣ್ಣಿಯ ಗಂಟು ಒಂದೇ ಕೈಯಲ್ಲಿ ಬಿಚ್ಚಲು ಆಗುತ್ತಿತ್ತಾ? ನನಗೆ ಅನಿಸುವುದಿಲ್ಲ. ಅದರ ಹೆಸರು ನೀವು ಬರೆದಿಲ್ಲ. ಮುಂದಿನ ಪತ್ರದಲ್ಲಿ ಬರೆಯಿರಿ, ಅಕ್ಕಾ.